ಮಂದಿ ಇಲ್ಲ

ಪಂಚಾಯತಿ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಮನೆಗೆ ಬಂದಿದ್ದರು. ಒಬ್ಬ ರಾಯಬಾಗದ ಕಡೆಯವನು, ಇನ್ನೊಬ್ಬಳು ಅಥಣಿಯವಳು. ‘ಸರ್, ನಿಮ್ಮ ಅನುಭವ ಹೇಳ್ರಿ’ ಎಂದರು. ಬಡ್ತಿ ಎಷ್ಟು ವರ್ಷಕ್ಕೆ ಸಿಗುತ್ತದೆ ಎಂದು ತಿಳಿಯುವುದೇ ಅವರ ಆಸೆಯಾಗಿತ್ತು, ಪಾಪ. ನನಗೆ ಅದು ಸಿಕ್ಕಾಗ ಕೈಯಿಲ್ಲದ ಕುರ್ಚಿ ಹೋಗಿ ಕೈಯಿರುವ ಕುರ್ಚಿ ಬಂತು, ಅಷ್ಟೆ. ಚಹಾ ಕುಡಿಸಿ ಕಳಿಸಿದೆ. ಹೇಳಬೇಕಾದದ್ದು ಉಳಿದೇ ಹೋಯಿತು. ಅದನ್ನು ಈಗ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಬರೆದೇ ಅನ್ನ ಉಂಡವನು ನಾನು. ಒಂದು ಸಂಸಾರವನ್ನು ಕೆಡಿಸಿದ್ದೂ ಬರೆದೇ.

ನನ್ನೂರು ಹಾರೂಗೇರಿ. ಮೊದಲ ನೌಕರಿ ಕೃಷ್ಣಾ ದಂಡೆಯ ಒಂದು ಹಳ್ಳಿಯಲ್ಲಿ, ಪಂಚಾಯತಿ ಕಾರ್ಯದರ್ಶಿಯಾಗಿ. ಸೇರಿದ ಎರಡನೆಯ ಸಭೆಯಲ್ಲೇ ಒಬ್ಬ ಸದಸ್ಯರ ಚಪ್ಪಲಿ ಇನ್ನೊಬ್ಬ ಸದಸ್ಯರ ತಲೆಯ ಮೇಲಿಂದ ಹಾರಿ ಗೋಡೆಗೆ ಬಡಿಯಿತು. ಸಭೆಯ ನಡಾವಳಿ ಬರೆಯುವ ಠರಾವು ಪುಸ್ತಕದಲ್ಲಿ ನಾನು ಹಾಗೆಯೇ ಬರೆದೆ: ಎಡಗಾಲಿನ ಚಪ್ಪಲಿ, ಇಂಥವರದು. ನನ್ನ ಮೇಲಿನವರು ಕುಲಕರ್ಣಿ ರಾಯರು. ಓದಿ ಹಣೆ ಬಡಿದುಕೊಂಡರು.

‘ತಮ್ಮಾ, ಸಭಾದಾಗ ಆಡೂದ ಬ್ಯಾರೆ, ಪುಸ್ತಕದಾಗ ಬರಿಯೂದ ಬ್ಯಾರೆ. ಚಪ್ಲಿ ಹಾರಿದ್ರ ಬಿರುಸಿನ ಚರ್ಚೆ ನಡೆಯಿತು ಅಂತ ಬರಿ. ತಾಯಿ ಅಕ್ಕ ಅಂತ ಬೈದಾಡಿದ್ರ ಆಕ್ಷೇಪ ವ್ಯಕ್ತಪಡಿಸಿದರು ಅನ್ನು. ಮ್ಯಾಲಿನವರು ಓದಿದ್ರ ಇಸ್ತ್ರಿ ಮಾಡಿದ ಧೋತರ ಕಂಡಂಗ ಕಾಣಬೇಕು.’

ಕಲಿತೆ. ಬಹಳ ಚೆನ್ನಾಗಿ ಕಲಿತೆ. ‘ಕುಡ್ಯಾಕ ನೀರಿಲ್ಲ, ಸಾಯಾಕತ್ತೀವಿ’ ಎಂದು ಹೆಣ್ಣುಮಗಳೊಬ್ಬಳು ಕೊಡ ಕುಕ್ಕಿ ಅತ್ತರೆ, ನನ್ನ ಪುಸ್ತಕದಲ್ಲಿ ‘ಕುಡಿಯುವ ನೀರಿನ ಅಭಾವವಿರುವುದನ್ನು ಸಭೆಯ ಗಮನಕ್ಕೆ ತರಲಾಯಿತು’ ಎಂದಾಗುತ್ತಿತ್ತು. ನನ್ನ ಕನ್ನಡಕ್ಕೆ ಮೇಲಿನ ಕಚೇರಿಯಲ್ಲಿ ಹೆಸರಿತ್ತು. ಕಾಗವಾಡದ ಕಡೆ ಇದ್ದಾಗ ಬೇರೆ ಪಂಚಾಯತಿಯವರು ತಮ್ಮ ಠರಾವು ತಿದ್ದಿಸಿಕೊಳ್ಳಲು ನನ್ನ ಹತ್ತಿರ ಬರುತ್ತಿದ್ದರು. ಹೆಮ್ಮೆ ಪಡುತ್ತಿದ್ದೆ. ಈಗ ಆ ಹೆಮ್ಮೆ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸಭೆ ಮುಗಿದ ಕೂಡಲೇ ಸದಸ್ಯರು ಖಾಲಿ ಪುಟದ ಕೆಳಗೆ ಸಹಿ ಮಾಡಿ ಎದ್ದು ಹೋಗುತ್ತಾರೆ. ಚೀಟಿಯಲ್ಲಿ ಗೀಚಿಕೊಂಡದ್ದನ್ನು ಆಮೇಲೆ, ಬಿಡುವಾದಾಗ, ಕಾರ್ಯದರ್ಶಿ ಚೊಕ್ಕ ಮಾಡಿ ಮೇಲೆ ತುಂಬುತ್ತಾನೆ. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ.

ನೌಕರಿಯ ಕೊನೆಗಾಲದಲ್ಲಿ ನಿಪ್ಪಾಣಿ ಕಡೆಯ ಗಡಿಹಳ್ಳಿಯೊಂದಕ್ಕೆ ವರ್ಗವಾಯಿತು. ಊರ ಹೆಸರು ಬೇಡ. ಅರ್ಧ ಊರಿನ ಮನೆಮಾತು ಮರಾಠಿ, ಅರ್ಧದ್ದು ಕನ್ನಡ. ಬಾಯಿ ತೆರೆದರೆ ಎರಡೂ ಕೂಡಿಯೇ ಬರುತ್ತವೆ. ಹೋದ ಮೊದಲ ವಾರ ಕಿರಾಣಿ ಅಂಗಡಿಗೆ ಹೋದೆ. ‘ಹ್ಯಾಂಗ ನಡದೈತ್ರಿ ವ್ಯಾಪಾರ?’ ಎಂದು ಕೇಳಿದೆ. ಅಂಗಡಿಯವರು ಕೈಯಾಡಿಸಿ ‘ಭಾರೀ ಮಂದಿ ಐತ್ರಿ ಔಂದಾ’ ಎಂದರು. ನಾನು ಒಳಗೆ ಇಣುಕಿದೆ. ಒಂದು ನರಪಿಳ್ಳೆಯೂ ಇರಲಿಲ್ಲ. ಔಂದಾ ಅಂದರೆ ಈ ವರ್ಷ ಎಂದು ಗೊತ್ತಿತ್ತು. ನಮ್ಮ ಕಡೆ ಮಂದಿ ಅಂದರೆ ಜನ. ಅವರ ಮರಾಠಿಯಲ್ಲಿ ಮಂದಿ ಅಂದರೆ ಪೇಟೆ ಬಿದ್ದಿದೆ, ಗಿರಾಕಿ ಇಲ್ಲ, ದುಡಿಮೆ ಇಲ್ಲ ಎಂದು. ಮನೆಗೆ ಬಂದು ಹೆಂಡತಿಗೆ ಹೇಳಿ ಇಬ್ಬರೂ ನಕ್ಕೆವು.

ಕೊರೊನಾದ ಎರಡನೆಯ ಅಲೆ ಇಳಿದ ಚಳಿಗಾಲದಲ್ಲಿ ಆ ನಗು ಹೋಯಿತು. ಆ ಊರಿನ ಒಂದು ಓಣಿಯ ತುಂಬ ಬೀಡಿ ಕಟ್ಟುವ ಹೆಣ್ಣುಮಕ್ಕಳು. ಮನೆಮನೆಯ ಕಟ್ಟೆಯ ಮೇಲೆ ಮೊರ ತೊಡೆಗಿಟ್ಟುಕೊಂಡು ಕೂತಿರುತ್ತಿದ್ದರು. ಎಲೆ, ತಂಬಾಕು ತಂದುಕೊಡುವ ಗುತ್ತಿಗೆದಾರ ಮೊದಲು ಅರ್ಧ ಕೊಟ್ಟ, ಆಮೇಲೆ ವಾರಕ್ಕೊಮ್ಮೆ ಕೊಟ್ಟ, ಆಮೇಲೆ ಬರುವುದನ್ನೇ ಬಿಟ್ಟ. ಮೊರಗಳು ಗೋಡೆಗೆ ಒರಗಿದವು. ಸಾಯಂಕಾಲ ಆ ಓಣಿಯಲ್ಲಿ ಹೋದರೆ ಕತ್ತರಿಯ ಸದ್ದೂ ಇಲ್ಲ, ಮಾತೂ ಇಲ್ಲ. ನನಗೆ ನಡೆಯುವುದೇ ಕಷ್ಟವಾಗುತ್ತಿತ್ತು.

ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಎಂದು ಕಾನೂನು ಹೇಳುತ್ತದೆ. ಯಾರ ಮನೆಯ ಚಹಾ ಯಾವ ಪಕ್ಷದ್ದು ಎಂಬುದು ಊರ ನಾಯಿಗೂ ಗೊತ್ತಿರುತ್ತದೆ. ನಮ್ಮಲ್ಲಿ ಒಂದು ಕಡೆ ತಾತ್ಯಾಸಾಹೇಬರು, ತಂಬಾಕಿನ ವ್ಯಾಪಾರಿ, ಮರಾಠಿ ಮನೆಮಾತಿನವರು. ಮೇಲೆ ಅವರ ಪಕ್ಷದ ಸರ್ಕಾರವಿತ್ತು. ಇನ್ನೊಂದು ಕಡೆ ಭರಮಣ್ಣ, ಜೈನ ರೈತರು, ಕಬ್ಬಿನ ಹೊಲ, ಕಂಚಿನ ಕಂಠ. ಪೇಟೆ ಬಿದ್ದರೆ ಸರ್ಕಾರ ಕೈ ಹಾಕಬೇಕೋ ಬೇಡವೋ ಎಂದು ಈ ಇಬ್ಬರೂ ಚಹಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಒಮ್ಮೆ ತಿಥಿಯ ಊಟದ ಪಂಕ್ತಿಯಲ್ಲಿಯೂ ಜಗಳಾಡಿದರು.

‘ಸರ್ಕಾರ ಏನ ಅನ್ನಛತ್ರ ಏನ್ರಿ?’ ಎನ್ನುತ್ತಿದ್ದರು ತಾತ್ಯಾ. ‘ಪೇಟಿ ಬೀಳತೈತಿ, ತಾನ ಏಳತೈತಿ. ನಡುವ ಸರ್ಕಾರ ಕೆಲಸ ಕೊಟ್ರ ಲೋಕ ಆಳಸಿ ಆಗತಾರ. ನಾಳಿ ನಮ್ಮ ಗೋದಾಮಿಗೆ ಯಾರ ಬರತಾರ?’

‘ಬಾವ್ಯಾಗ ಬಿದ್ದಾಂವಗ ತಾನ ಏಳು ಅಂತೀಯೇನೋ?’ ಎನ್ನುತ್ತಿದ್ದರು ಭರಮಣ್ಣ. ‘ಹಗ್ಗ ಒಗಿಯೂದ ಸರ್ಕಾರದ ಧರ್ಮ.’

ಭರಮಣ್ಣನ ಮಾತು ನನಗೆ ಸರಿ ಎನಿಸುತ್ತಿತ್ತು. ಆದರೆ ಒಂದು ದಿನ ಬೇರೆ ಏನೋ ಹುಡುಕುತ್ತ ಹಳೆಯ ಠರಾವು ಪುಸ್ತಕ ತಿರುವಿದೆ. ಕೆಲವು ವರ್ಷಗಳ ಹಿಂದೆ ತಂಬಾಕಿನ ಪೇಟೆ ಬಿದ್ದಾಗ ನಡೆದ ಸಭೆ. ಆಗ ಮೇಲೆ ಭರಮಣ್ಣನ ಪಕ್ಷವಿತ್ತು. ಹಗ್ಗ ಒಗೆಯಿರಿ ಎಂದವರು ತಾತ್ಯಾ. ಸರ್ಕಾರ ಎಲ್ಲದಕ್ಕೂ ಕೈ ಹಾಕಲಾಗದು ಎಂದವರು ಭರಮಣ್ಣ. ಮಾತು ಅವೇ, ಬಾಯಿ ಅದಲು ಬದಲು. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಉದ್ಯೋಗ ಖಾತ್ರಿಯಲ್ಲಿ ಊರ ಹಳ್ಳದ ಹೂಳೆತ್ತುವ ಕೆಲಸ ಹಾಕಲು ಅವಕಾಶವಿತ್ತು. ಕೆಲಸ ಬೇಕೆಂದು ಜನ ಅರ್ಜಿ ಕೊಡಬೇಕು. ಬೀಡಿ ಓಣಿಗೆ ನಾನೇ ಹೋದೆ. ಅಲ್ಲಿ ಎಲ್ಲರೂ ಮಾತು ಕೇಳುತ್ತಿದ್ದದ್ದು ಶೇವಂತಾಳದು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು, ಅಂಜನಾ, ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ. ಶೇವಂತಾಗೆ ಅಕ್ಷರ ಬರುತ್ತಿರಲಿಲ್ಲ. ಅರ್ಜಿಯ ಮೇಲೆ ಏನಿದೆ ಎಂದು ಮಗಳಿಂದ ಓದಿಸಿದಳು. ‘ಕೆಲಸದ ಬೇಡಿಕೆ’ ಎಂದು ಅಂಜನಾ ಓದಿದ ಕೂಡಲೇ ಶೇವಂತಾ ಕೈ ಹಿಂದಕ್ಕೆ ತೆಗೆದುಕೊಂಡಳು.

‘ಬೇಡೂದೇನ್ರಿ ಸಾಹೇಬ್ರ? ನಾ ಬೇಡಾಕಿ ಅಲ್ಲರಿ. ಹತ್ತ ವರ್ಷದಾಕಿ ಇದ್ದಾಗಿಂದ ದುಡದ ತಿಂದೀನಿ.’

‘ಇದು ಭಿಕ್ಷಾ ಅಲ್ಲಬೇ ತಂಗಿ’ ಎಂದೆ. ‘ಕೆಲಸ ಕೊಡ್ರಿ ಅಂತ ಕೇಳೂದು. ನಿಮ್ಮ ಹಕ್ಕ ಐತಿ. ಕೇಳಿದ್ರ ಸರ್ಕಾರ ಕೊಡಲೇಬೇಕು.’

ಅವಳು ನನ್ನ ಮುಖವನ್ನೇ ನೋಡಿದಳು. ‘ಖರೇ ಕೊಡತಾರೇನ್ರಿ? ಎರಡ ತಿಂಗಳ ಕೆಲಸ ಸಿಕ್ಕರ ಸಾಕು. ಹುಡುಗಿ ಪರೀಕ್ಷಾ ಮುಗೀತೈತಿ. ಇಲ್ಲಂದ್ರ ಕಬ್ಬ ಕಡ್ಯಾಕ ಗ್ಯಾಂಗಿನ ಕೂಡ ಕೊಲ್ಲಾಪುರದ ಕಡೆ ಹೋಗೂದ. ಇಕೀನ ಒಬ್ಬಾಕಿನ್ನ ಯಾರ ಹತ್ರ ಬಿಡ್ಲಿ? ಸಾಲಿ ಬಿಡಿಸಿ ಕರಕೊಂಡ ಹೋಗಬೇಕಾಗತೈತಿ.’

‘ಖರೇನ ಕೊಡತಾರ’ ಎಂದೆ ನಾನು. ಹೆಸರು ಕೇಳಿ ನಾನೇ ಬರೆದುಕೊಂಡೆ, ಅವಳು ಹೆಬ್ಬೆಟ್ಟು ಒತ್ತಿದಳು. ಅವಳನ್ನು ನೋಡಿ ಓಣಿಯೆಲ್ಲ ಒತ್ತಿತು. ನಲವತ್ತೊಂದು ಅರ್ಜಿ. ಕಚೇರಿಗೆ ತಂದು ದಾರ ಕಟ್ಟಿ ಕಪಾಟಿನಲ್ಲಿಟ್ಟೆ. ಠರಾವು ಆದ ಮೇಲೆ ಕಂಪ್ಯೂಟರಿಗೆ ಏರಿಸಿದರಾಯಿತು ಎಂದುಕೊಂಡೆ. ಅರ್ಜಿ ಕೊಟ್ಟವರಿಗೆ ಕೂಡಲೇ ರಸೀದಿ ಕೊಡಬೇಕು ಎಂಬ ನಿಯಮವಿದೆ. ಕೊಡಲಿಲ್ಲ. ಕೇಳುವವರು ಯಾರು?

ಸಭೆಯ ದಿನ ಹಳ್ಳದ ಕೆಲಸದ ವಿಷಯ ಬಂತು. ಕೆಲಸ ಹಾಕಿ ಎಂದು ಭರಮಣ್ಣ ಎದ್ದರು. ಯಾಕೆ ಹಾಕಬೇಕು ಎಂದು ತಾತ್ಯಾ ಎದ್ದರು. ಅರ್ಧ ತಾಸಿನಲ್ಲಿ ಹಳ್ಳ ಮರೆತೇ ಹೋಯಿತು. ದಿಲ್ಲಿ, ಬೆಂಗಳೂರು, ಯಾರ ಪಕ್ಷ ದೇಶ ಹಾಳು ಮಾಡಿತು ಎಂಬಲ್ಲಿಗೆ ಬಂದು ನಿಂತರು. ಭರಮಣ್ಣ ಮೇಜು ಗುದ್ದಿ ಹೇಳಿದರು: ‘ಮಂದಿ ಐತಿ ಅಂತ ಒಪ್ಪಿದ್ರ ಮ್ಯಾಲ ಕುಂತ ನಿಮ್ಮವರ ಮಾರಿಗೆ ಮಸಿ ಹತ್ತತೈತಿ. ಅದಕ್ಕ ಒಲ್ಲೆ ಅಂತೀ ನೀ!’

ತಾತ್ಯಾ ನನ್ನ ಕಡೆ ತಿರುಗಿ ಬೆರಳು ಆಡಿಸಿದರು: ‘ಮಂದಿ ಇಲ್ಲ! ಬರೀರಿ ಸೆಕ್ರೆಟ್ರಿ ಸಾಹೇಬ್ರ, ಮಂದಿ ಇಲ್ಲ ಅಂತ ಬರೀರಿ!’

ಚೀಟಿಯ ಮೇಲೆ ಗೀಚಿದೆ: ಹಳ್ಳದ ಕೆಲಸ. ತಾತ್ಯಾ, ಮಂದಿ ಇಲ್ಲ. ಕೊನೆಗೆ ಹೆಚ್ಚಿನ ಸದಸ್ಯರು ಕೆಲಸವನ್ನು ಮಂಜೂರಾತಿಗೆ ಕಳಿಸೋಣ ಎಂದರು. ಎಲ್ಲರೂ ಖಾಲಿ ಪುಟಕ್ಕೆ ಸಹಿ ಮಾಡಿ ಹೋದರು.

ಮರುದಿನವೇ ಬರೆದಿದ್ದರೆ ನೆನಪು ಹಸಿಯಾಗಿರುತ್ತಿತ್ತು. ಲಸಿಕೆಯ ಕೆಲಸ ಬಂತು, ತರಬೇತಿ ಬಂತು, ವಾರ ಕಳೆಯಿತು. ವಾರದ ಮೇಲೆ ಚೀಟಿ ಹರಡಿಕೊಂಡು ಕುಳಿತೆ. ಹಳ್ಳದ ಕೆಲಸ, ಮಂದಿ ಇಲ್ಲ. ಕಾಗದದ ಮೇಲೆ ಎರಡು ಮಂದಿಗೂ ಒಂದೇ ಅಕ್ಷರ. ಹಾರೂಗೇರಿಯವನ ಕಣ್ಣು ಪೇಟೆಯ ಮಂದಿಯನ್ನು ಬಿಟ್ಟು ಹಾರೂಗೇರಿಯ ಮಂದಿಯನ್ನೇ ಓದಿತು. ಇಸ್ತ್ರಿ ಮಾಡಲು ಕೂತ ಕೈ, ನಿಲ್ಲುವುದೆಲ್ಲಿ? ‘ಹಳ್ಳದ ಹೂಳೆತ್ತುವ ಕಾಮಗಾರಿಯನ್ನು ಮಂಜೂರಾತಿಗೆ ಸಲ್ಲಿಸುವುದು. ಸದರಿ ಕೆಲಸಕ್ಕೆ ಜನರು ಲಭ್ಯವಿಲ್ಲವೆಂದು ಸದಸ್ಯರು ಸಭೆಯ ಗಮನಕ್ಕೆ ತಂದಿರುತ್ತಾರೆ.’ ತಾತ್ಯಾ ಜನರಿಗೆ ಯಾವಾಗಲೂ ‘ಲೋಕ’ ಎನ್ನುತ್ತಿದ್ದರು, ಒಮ್ಮೆಯೂ ಮಂದಿ ಎಂದವರಲ್ಲ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ನಲವತ್ತೊಂದು ಹೆಬ್ಬೆಟ್ಟುಗಳಿದ್ದವು. ಎರಡೂ ನೆನಪಾಗಲಿಲ್ಲ. ವಾಕ್ಯ ಚೆಂದ ಬಂದಿದೆ ಎಂದು ಮಾತ್ರ ಅನ್ನಿಸಿತು.

ಮೇಲಿನ ಕಚೇರಿಯವರು ಎರಡನೆಯ ವಾಕ್ಯ ಓದಿ ಆ ಕೆಲಸವನ್ನು ಬೇರೆ ಊರಿಗೆ ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಎಲ್ಲ ಕಡೆ ಇರುವುದು. ಫೋನ್ ಮಾಡಿ ಒಂದು ಮಾತು ಕೇಳಲಿಲ್ಲ. ಆದರೆ ಎತ್ತು ಈಯಿತು ಎಂದು ಬರೆದವನು ನಾನು.

ಠರಾವಿನ ಪ್ರತಿಯನ್ನು ಪಂಚಾಯತಿಯ ಫಲಕದ ಮೇಲೆ ಅಂಟಿಸುತ್ತೇವೆ, ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ. ಅಂಜನಾ ಓದಿದಳು. ಶಾಲೆ ಬಿಟ್ಟು ಬರುವಾಗ ನಿಂತು, ಅವ್ವನನ್ನೂ ಓಣಿಯ ಹೆಂಗಸರನ್ನೂ ಕರೆದು ಗಟ್ಟಿಯಾಗಿ, ಪಾಠ ಓದಿದ ಹಾಗೆ ಓದಿದಳು. ಒಳಗೆ ಕುಳಿತಿದ್ದ ನನಗೆ ನನ್ನ ವಾಕ್ಯ ಅವಳ ದನಿಯಲ್ಲಿ ಕೇಳಿಸಿತು. ಕೇಳಿದ ಗಳಿಗೆಯಲ್ಲೇ ತಪ್ಪು ತಿಳಿಯಿತು.

ಹೆಂಗಸರು ಒಳಗೆ ಬಂದರು. ಯಾರೂ ಕೂಗಾಡಲಿಲ್ಲ, ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಶೇವಂತಾ ಮೇಜಿನ ಹತ್ತಿರ ಬಂದು ನಿಂತಳು.

‘ಕೆಲಸಕ್ಕ ಮಂದಿ ಇಲ್ಲ ಅಂತ ಬರದೀರಂತಲ್ರಿ ಸಾಹೇಬ್ರ. ಹೆಬ್ಬಟ್ಟ ಒತ್ತಿಸ್ಕೊಂಡ ಹೋಗಿದ್ರಿ ನೀವ. ನಾವು ಮಂದಿ ಅಲ್ಲೇನ್ರಿ?’

ಆಗಿದ್ದನ್ನು ಹೇಗೆ ತಿಳಿಸಲಿ? ಮರಾಠಿಯ ಮಂದಿ ಬೇರೆ, ಕನ್ನಡದ ಮಂದಿ ಬೇರೆ ಎಂದು ತಡವರಿಸಿದೆ. ನನಗೇ ಅಸಹ್ಯವಾಗಿ ನಿಲ್ಲಿಸಿದೆ. ‘ತಪ್ಪಾಗೇತಬೇ. ಮುಂದಿನ ಸಭಾದಾಗ ತಿದ್ದಸ್ತೀನಿ’ ಎಂದೆ.

‘ಸಭಾ ಯಾವಾಗ ಐತ್ರಿ?’

‘ಮುಂದಿನ ತಿಂಗಳ.’

‘ಗ್ಯಾಂಗಿನ ಟೆಂಪೋ ಐತವಾರ ಬರತೈತ್ರಿ’ ಎಂದಳು. ಮಗಳ ಭುಜದ ಮೇಲೆ ಕೈಯಿಟ್ಟು ಹೊರಗೆ ಹೋದಳು.

ಮರುದಿನ ತಿದ್ದುಪಡಿಯ ಪತ್ರ ಬರೆದು, ಅರ್ಜಿಗಳ ಕಟ್ಟನ್ನೂ ಚೀಲದಲ್ಲಿಟ್ಟುಕೊಂಡು ಮೇಲಿನ ಕಚೇರಿಯ ಸಾಹೇಬರ ಮುಂದೆ ಹೋಗಿ ನಿಂತೆ. ಕೆಟ್ಟವರಲ್ಲ ಅವರು. ಪತ್ರ ಓದಿ ನನಗೇ ವಾಪಸು ಕೊಟ್ಟರು. ‘ಕೆಲಸ ಆಗಲೇ ಬ್ಯಾರೆ ಊರಿಗೆ ಹೋಗೇತಿ. ಇದನ್ನ ಟಪಾಲಿಗೆ ಹಾಕಿದ್ರಿ ಅಂದ್ರ ಅರ್ಜಿ ಇಟಗೊಂಡು ಜನ ಇಲ್ಲ ಅಂತ ಯಾಕ ಬರದ್ರಿ ಅಂತ ನೋಟಿಸ್ ಬರೂದು ನಿಮಗ. ರಿಟೈರ್ ಆಗಾಕ ಬಂದೀರಿ. ಸುಮ್ಮನಿರ್ರಿ.’

ಸುಮ್ಮನಾದೆ. ಪಿಂಚಣಿ ನೆನಪಾಯಿತು. ಬೇರೆ ಕಾರಣವೇನೂ ಇಲ್ಲ, ಹೆದರಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ ಎಂದು ಬಸ್ಸಿನಲ್ಲಿ ಮರಳುವಾಗ ತಿಳಿಯಿತು.

ಭಾನುವಾರ ಬೆಳಿಗ್ಗೆ ಟೆಂಪೋ ಬಂತು. ನಾನು ಹೋಗಿದ್ದೆ, ದೂರ ನಿಂತಿದ್ದೆ. ಪಾತ್ರೆಯ ಗಂಟು, ಕೌದಿ, ಕುಡುಗೋಲು ಏರಿದವು. ಅಂಜನಾ ಪಾಟಿಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು, ಅಲ್ಲಿಯೂ ಓದುತ್ತೇನೆ ಎಂದು. ಪರೀಕ್ಷೆಗೆ ಅವಳು ಬರಲಿಲ್ಲ. ಆ ಶಾಲೆಯ ಗುರುಗಳು ಎರಡು ಸಲ ನನ್ನನ್ನು ಕೇಳಿದರು, ಆ ಹುಡುಗಿ ಎಲ್ಲಿ ಎಂದು. ಎರಡು ಸಲವೂ ಗೊತ್ತಿಲ್ಲವೆಂದೆ.

ಮುಂದಿನ ಸಭೆಯಲ್ಲಿ, ಊರಲ್ಲಿ ಉಳಿದವರಿಗಾದರೂ ಕೆಲಸ ಸಿಗಲಿ ಎಂದು, ಹಿಂದಿನ ಠರಾವು ತಿದ್ದಬೇಕೆಂದು ಕೇಳಿದೆ. ತಾತ್ಯಾ ಓದಿಸಿ ಕೇಳಿ ಹೊಟ್ಟೆ ಹಿಡಿದು ನಕ್ಕರು. ‘ನಾ ಅಂದಿದ್ದ ಬ್ಯಾರೆ. ಇರ್ಲಿ ಬಿಡ್ರಿ, ಹಿಂಗೂ ಚೊಲೋ ಐತಿ. ಕೆಲಸಕ್ಕ ಲೋಕ ಸಿಗವಲ್ರು ಅಂದ್ರ ಪೇಟಿ ಬಿದ್ದಿಲ್ಲ, ಮಂದಿ ಇಲ್ಲ ಅಂತನ ಅರ್ಥ ಅಲ್ಲೇನ್ರಿ?’

ಭರಮಣ್ಣನ ಕಡೆ ನೋಡಿದೆ. ಹಗ್ಗ ಒಗೆಯುವುದು ಧರ್ಮ ಎಂದವರು ಅವರಲ್ಲವೇ? ಅವರು ಮೀಸೆ ತೀಡಿದರು. ‘ತಿದ್ದಬ್ಯಾಡ್ರಿ. ಹಂಗ ಇರ್ಲಿ. ಚುನಾವಣಿ ಬರ್ಲಿ, ಈ ಹಾಳಿ ಹಿಡದ ಊರೂರ ತೋರಸ್ತೀನಿ. ಇವರ ಆಡಳಿತದಾಗ ಬಡವರನ್ನ ಮಂದಿನ ಅಲ್ಲ ಅಂದಾರ ಅಂತ.’

ಆ ಇಬ್ಬರೂ ಒಂದೇ ಮಾತಿಗೆ ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಬರೆದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಅವರು ಕೂಡಿದಾಗಲೂ ಕೂಸೇ ಬಡವಾಯಿತು.

ಹೊಸಬರೇ, ನಿಮ್ಮ ಕಾಲಕ್ಕೆ ಎಲ್ಲ ಬದಲಾಗಿದೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಹಾಜರಿ ತಾನೇ ಬೀಳುತ್ತದೆ. ಆದರೆ ಎದುರಿಗೆ ಕುಳಿತವನು ಏನೆಂದ ಎಂದು ಮೊಬೈಲು ತಿರುಗಿ ಕೇಳುವುದಿಲ್ಲ. ನೀವು ಕೇಳಿ. ‘ಹಂಗಂದ್ರ ಏನ್ರಿ?’ ಎಂದು ಒಂದು ಮಾತು. ನಾನು ಅದೊಂದನ್ನು ಕೇಳಲಿಲ್ಲ. ಖಾಲಿ ಪುಟಕ್ಕೆ ಸಹಿ ತೆಗೆದುಕೊಳ್ಳಬೇಡಿ. ರಸೀದಿ ಕೊಡಿ.

ನಿವೃತ್ತಿಯ ಹಿಂದಿನ ದಿನ ಶಾಲು, ಹಾರ ಎಲ್ಲ ಆದ ಮೇಲೆ ಒಬ್ಬನೇ ಕುಳಿತು ಆ ಪುಟ ತೆರೆದೆ. ಬರೆದದ್ದನ್ನು ಹೊಡೆದುಹಾಕುವ ಅಧಿಕಾರ ನನಗಿಲ್ಲ. ಬದಿಯಲ್ಲಿ ಷರಾ ಬರೆಯಬಹುದು. ‘ಮೇಲಿನ ವಾಕ್ಯ ನನ್ನ ತಪ್ಪು. ಕೆಲಸಕ್ಕೆ ಜನರಿದ್ದರು. ಅವರ ಹೆಸರುಗಳು ಈ ಕೆಳಗಿನಂತಿವೆ’ ಎಂದು ಬರೆದು ಸಹಿ ಹಾಕಿದೆ. ಬೇಕಾದರೆ ಈಗ ನೋಟಿಸ್ ಬರಲಿ ಎಂದುಕೊಂಡೆ. ಹಳೆಯ ಅರ್ಜಿಗಳ ಕಟ್ಟು ಬಿಚ್ಚಿ ನೋಡಿ ನೋಡಿ, ಜಾಗ ಸಾಲದೆಂದು ಅಡ್ಡಹೆಸರು ಬಿಟ್ಟು, ನಲವತ್ತೊಂದೂ ಹೆಸರು ಬರೆದೆ. ಒಂದು ಝೆರಾಕ್ಸ್ ಮಾಡಿಸಿಕೊಂಡೆ.

ಶೇವಂತಾ ಅಷ್ಟರಲ್ಲಿ ತೀರಿಕೊಂಡಿದ್ದಳು. ಗ್ಯಾಂಗಿನಿಂದ ಮರಳಿದ ಮರುವರ್ಷ, ಎದೆಯ ಬೇನೆಯಿಂದ. ನನ್ನ ವಾಕ್ಯ ಅವಳನ್ನು ಕೊಂದಿತು ಎಂದರೆ ಅತಿಯಾದೀತು. ಆದರೆ ಅವಳ ಮಗಳ ಶಾಲೆಯನ್ನು ಕೊಂದದ್ದು ಅದೇ ವಾಕ್ಯ. ಅಂಜನಾ ಈಗ ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮಿನಲ್ಲಿ ತಂಬಾಕು ಜರಡಿ ಹಿಡಿಯುತ್ತಾಳೆ ಎಂದು ಕೇಳಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಗೇಟಿನ ಹತ್ತಿರ ನಿಂತೆ. ಮೂಗಿಗೆ ಕಟ್ಟಿದ ಅರಿವೆ ಬಿಚ್ಚುತ್ತ ಬಂದಳು. ಗುರುತು ಹಿಡಿದಳು. ತಂಬಾಕಿನ ಘಾಟಿಗೆ ಬಂದ ಸೀನು ತಡೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

‘ತಿದ್ದೀನವ್ವಾ’ ಎಂದೆ. ಹಾಳೆ ಕೊಟ್ಟೆ.

ಅವಳು ಓದಿದಳು. ಅಂದು ಫಲಕದ ಮುಂದೆ ನಿಂತು ಓದಿದಂತೆಯೇ, ಗಟ್ಟಿಯಾಗಿ, ಒಂದು ಅಕ್ಷರ ತಪ್ಪದೆ. ‘ಕೆಲಸಕ್ಕೆ ಜನರಿದ್ದರು.’ ಆಮೇಲೆ ಹೆಸರುಗಳ ಮೇಲೆ ಬೆರಳು ಇಳಿಸುತ್ತ ಹೋದಳು. ತಳ ಮುಟ್ಟಿತು. ಮತ್ತೆ ಮೇಲಿನಿಂದ ಇಳಿಸಿದಳು.

‘ಇದರಾಗ ನಮ್ಮವ್ವ ಇಲ್ಲಲ್ರಿ ಸರ್.’

‘ಅದಾಳ ನೋಡವ್ವಾ, ಏಳನೇದು.’

ಬೆರಳು ಅಲ್ಲಿ ನಿಂತಿತು.

‘ಸೇವಂತಿ ಅಂತ ಬರದೀರಿ’ ಎಂದಳು. ‘ನಮ್ಮವ್ವನ ಹೆಸರ ಶೇವಂತಾ ರೀ.’

ಅರ್ಜಿ ಬರೆದುಕೊಂಡ ದಿನವೇ ನನ್ನ ಕೈ ಆ ಹೆಸರಿಗೂ ಇಸ್ತ್ರಿ ಹಾಕಿತ್ತು. ಒಳಗೆ ಗಂಟೆ ಹೊಡೆಯಿತು. ಅಂಜನಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟು, ಅರಿವೆ ಕಟ್ಟಿಕೊಂಡು ಕೆಲಸಕ್ಕೆ ಹೋದಳು.